ಕೊನೇ ಮನೆಯ ಅಟ್ಟ

ಮನೆ ಕೆಡವುವ ಕೆಲಸ ಒಂದು ಡಬ್ಬಿ ಕೆಂಪು ಬಣ್ಣದಿಂದ ಶುರುವಾಗುತ್ತದೆ. ಕೆಡವಬೇಕಾದ ಮನೆಯ ಬಾಗಿಲ ಪಕ್ಕ ಒಂದು ಗುಣಿಸುವ ಗುರುತು ಹಾಕಬೇಕು. ಜೆಸಿಬಿಯವನು ಓದುವುದು ಅದೊಂದನ್ನೇ. ನಮ್ಮ ಪಟ್ಟಣ ಪಂಚಾಯಿತಿಯಲ್ಲಿ ಆ ಡಬ್ಬಿ ಹಿಡಿದವನು ನಾನು. ಹುದ್ದೆ ಹೊರಗುತ್ತಿಗೆ ಇಂಜಿನಿಯರು. ಕೆಲಸ ಕೆಟ್ಟಾಗ ಇಂಜಿನಿಯರು, ಮಂತ್ರಿಗಳ ಜೊತೆ ಫೋಟೋ ತೆಗೆಸುವಾಗ ಹೊರಗುತ್ತಿಗೆ.

ಇನ್ನೊಂದು ಕೆಲಸವೂ ಇತ್ತು, ಅದಕ್ಕೆ ಆದೇಶಪತ್ರ ಇರಲಿಲ್ಲ. ನಾನು ಎಲ್ಲರ ದನಿ ಮಾಡುತ್ತೇನೆ. ನಮ್ಮ ಮುಖ್ಯಾಧಿಕಾರಿಗಳು ಫೋನ್ ಎತ್ತಿ ಎರಡು ಸಲ ಕೆಮ್ಮಿ ‘ಹಾಂ, ಹೇಳಿ ಹೇಳಿ, ಬೇಗ ಹೇಳಿ’ ಎನ್ನುವುದು, ಅಧ್ಯಕ್ಷೆಯವರು ಪ್ರತಿ ಮಾತಿನ ತುದಿಗೂ ‘ಅಂತ ನಮ್ಮ ಯಜಮಾನ್ರು ಹೇಳಿದ್ರು’ ಎಂದು ಸೇರಿಸುವುದು, ನೀರು ಬಿಡುವ ವಾಲ್‌ಮನ್ ಮೂರು ಬೀದಿಗೆ ಕೇಳುವಂತೆ ಆಕಳಿಸುವುದು. ಒಮ್ಮೆ ಕನ್ನಡಿ ಮುಂದೆ ನಿಂತು ನನ್ನ ದನಿಯನ್ನೇ ಮಾಡಿ ನೋಡೋಣವೆಂದು ಹೊರಟೆ. ಬಂದದ್ದು ನಮ್ಮಪ್ಪನ ದನಿ. ಹೆದರಿ ಬಿಟ್ಟುಬಿಟ್ಟೆ.

ಕೆಡವಬೇಕಾಗಿದ್ದ ಕಾಲೊನಿ ಶೆಟ್ಟಿಕೆರೆ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು, ತೋಟಗಳೂ ಮುಗಿದ ಮೇಲೆ ಬರುವ ಕಲ್ಲು ನೆಲದಲ್ಲಿತ್ತು. ನಾಲ್ಕು ಸಾಲು ಮನೆ. ಕಾಯಿ ಸುಲಿಯುವವರಿಗೆ, ಕೊಬ್ಬರಿ ಒಡೆಯುವ ಕೂಲಿಯವರಿಗೆ ಎಂದು ನಾನು ಹೈಸ್ಕೂಲಿನಲ್ಲಿದ್ದಾಗ ಸರ್ಕಾರ ಕಟ್ಟಿಸಿಕೊಟ್ಟದ್ದು. ಮನೆ ಸಿಕ್ಕವರು ಬಂದರು, ಹಾಲು ಉಕ್ಕಿಸಿದರು, ಪಾಯಸ ಉಂಡರು, ಬೀಗ ಹಾಕಿಕೊಂಡು ತಮ್ಮ ಹಳೇ ಹೆಂಚಿನ ಬಾಡಿಗೆ ಮನೆಗಳಿಗೆ ವಾಪಸು ಹೋದರು. ಮತ್ತೆ ಬರಲಿಲ್ಲ.

ಕಾರಣ ಬಹಳ ಸರಳ. ಆ ಮನೆಗಳಿಗೆ ಅಟ್ಟ ಇರಲಿಲ್ಲ. ಎಲ್ಲೋ ಕೂತು ಯಾರೋ ಬರೆದ ನಕ್ಷೆ: ಒಂದು ಕೋಣೆ, ಒಂದು ಅಡುಗೆ ಮೂಲೆ, ಮೇಲೆ ತಗ್ಗಾದ ಕಾಂಕ್ರೀಟು ಚಾವಣಿ. ನಮ್ಮ ಕಡೆ ಮರದಿಂದ ಇಳಿಸಿದ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಕೆಳಗಿನ ಒಲೆಯ ಹೊಗೆ ತಾಗಿಸುತ್ತ ಹೆಚ್ಚುಕಡಿಮೆ ಒಂದು ವರ್ಷ ಸುಮ್ಮನೆ ಬಿಡುತ್ತೇವೆ. ಒಳಗಿನ ನೀರು ತಾನಾಗಿ ಆರಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಅದೇ ಕೊಬ್ಬರಿ. ಅಟ್ಟ ಇಲ್ಲದ್ದನ್ನು ನಮ್ಮ ಜನ ಮನೆ ಎಂದು ಬಾಯಲ್ಲಿ ಹೇಳುತ್ತಾರೆ, ಒಳಗೆ ಮಲಗುವುದಿಲ್ಲ.

ಖಾಲಿ ಬಿದ್ದ ಮನೆಗಳಲ್ಲಿ ಕೆಲವು ತೋಟದವರು ಕಾಯಿ ತುಂಬಿ ನೋಡಿದರು. ಹಗಲು ಕಾದು ರಾತ್ರಿ ಬೆವರುವ ಕಾಂಕ್ರೀಟಿನ ಕೆಳಗೆ ಅರ್ಧ ಕಾಯಿ ಮೊಳಕೆ ಬಂತು, ಅರ್ಧ ಕೊಳೆಯಿತು. ‘ಮನುಷ್ಯರು ಹಾಳಾಗೋಗ್ಲಿ, ಕಾಯಿನೂ ವಾಸಕ್ಕೆ ಒಪ್ಪಲಿಲ್ವಲ್ಲ ಸಾ’ ಎಂದು ವಾಲ್‌ಮನ್ ಹೇಳುತ್ತಿದ್ದ.

ಸಭೆಯಲ್ಲಿ ವಿಷಯ ಬಂದಾಗ ಗುಮಾಸ್ತರು ‘ಯಾರೂ ವಾಸವಿಲ್ಲದ, ಶಿಥಿಲಗೊಂಡ, ಅನೈತಿಕ ಚಟುವಟಿಕೆಗಳ ತಾಣವಾಗಿರುವ’ ಎಂದು ಓದಿದರು. ಅನೈತಿಕ ಚಟುವಟಿಕೆ ಎಂದರೆ ಇಸ್ಪೀಟು. ಆಡುತ್ತಿದ್ದವರಲ್ಲಿ ಇಬ್ಬರು ಸಭೆಯಲ್ಲೇ ಇದ್ದರು.

‘ಕೆಡವಿದ್ ಮ್ಯಾಲೆ ಏನ್ ಮಾಡದು?’ ಎಂದು ಒಬ್ಬ ಸದಸ್ಯರು ಕೇಳಿದರು.

‘ಮೊದ್ಲು ಕೆಡವಣ ಬುಡಿ, ಆಮೇಲೆ ನೋಡಣ’ ಎಂದರು ಇನ್ನೊಬ್ಬರು.

ಮೇಜು ಕುಟ್ಟಿದರು. ನಿರ್ಣಯ ಆಯಿತು. ಕಟ್ಟಡದ ಸ್ಥಿತಿ ವರದಿ ನನ್ನದು. ಗಾರೆ ಕೆರೆದು ತುಕ್ಕು ಹಿಡಿದ ಕಂಬಿ ನೋಡಿ ‘ವಾಸಕ್ಕೆ ಯೋಗ್ಯವಲ್ಲ’ ಎಂದು ಬರೆದಿದ್ದೆ. ಬರೆದದ್ದು ನಿಜವೇ. ಮೊದಲ ಎರಡು ಸಾಲಿನಲ್ಲಿ ಕೆರೆದು ನೋಡಿ, ಉಳಿದ ಎರಡಕ್ಕೂ ಅದೇ ಎಂದು ಬರೆದಿದ್ದೆ. ಬಿಸಿಲಿತ್ತು.

ಸಂಕ್ರಾಂತಿ ಕಳೆದ ಮೇಲೆ ಗುರುತು ಹಾಕಲು ಹೋದೆವು. ವಾಲ್‌ಮನ್ ಡಬ್ಬಿ ಹಿಡಿದ, ನಾನು ಬ್ರಷ್ಷು.

‘ಸಾ, ನೆಟ್ಟಗಾಕಿ. ಇದು ಆಸ್ಪತ್ರೆ ಗುರ್ತು ಆಗೋಯ್ತು’ ಎಂದ.

‘ಆದ್ರೆ ಆಗ್ಲಿ ಬುಡೋ. ಜೆಸಿಬಿಯವನು ಇಂಜೆಕ್ಷನ್ ಕೊಡ್ಲಿ.’

ಒಂದೊಂದು ಮನೆಗೂ ಬಾಗಿಲು ತೆಗೆದು ಇಣುಕಿ, ಒಳಗೆ ಯಾರೂ ಇಲ್ಲವೆಂದು ಕೂಗಿ ಹೇಳಿ, ಗುರುತು ಹಾಕಿ ಮುಂದಕ್ಕೆ. ಸ್ವಲ್ಪ ಹೊತ್ತಿನ ನಂತರ ಕೂಗುವುದು, ಬ್ರಷ್ಷು ಆಡಿಸುವುದು ತಾನಾಗಿ ನಡೆಯತೊಡಗಿತು. ತಲೆಗೆ ಏನೂ ಕೆಲಸವಿರಲಿಲ್ಲ. ನಾಲ್ಕನೇ ಸಾಲಿನ ಕೊನೇ ಮನೆಯ ಗೋಡೆಗೆ ಬ್ರಷ್ಷು ಇಟ್ಟೆ. ಅರ್ಧ ಗೀಟು ಎಳೆದಿದ್ದೆ.

‘ಯಾರ್ಲಾ ಅದು, ನನ್ ಗ್ವಾಡೆ ಕೆರೆಯೋನು?’

ಬಾಗಿಲಿಗೆ ಬಂದವಳು ಐವತ್ತು ದಾಟಿದ ಹೆಂಗಸು. ತಲೆತುಂಬ ನಾರು, ಕೈಯಲ್ಲಿ ಚಿಪ್ಪು ಒಡೆಯುವ ಚಿಕ್ಕ ಮಚ್ಚು. ಆ ಕಾಲೊನಿಯಲ್ಲಿ ವಾಸವಿದ್ದದ್ದು ಆಕೆ ಒಬ್ಬಳೇ ಎಂಬುದು ನನಗೆ ಆಗಲೇ ತಿಳಿದದ್ದು.

‘ಮನೆ ಕೆಡವ್ತಾರಕ್ಕ. ನಿರ್ಣಯ ಆಗೈತೆ’ ಎಂದೆ.

‘ನನ್ನ ಕೇಳ್ದಂಗೆ ನಿರ್ಣಯ ಆಯ್ತಾ? ಯಾರೂ ಇಲ್ಲ ಅಂತ ಬರ್ಕೊಂಡೋನು ಯಾರು?’

ವಾಲ್‌ಮನ್ ನನ್ನ ಕಡೆ ನೋಡಿದ. ನಾನು ಡಬ್ಬಿಯ ಕಡೆ ನೋಡಿದೆ.

‘ಬಾ ಒಳಕ್ಕೆ, ಇಂಜಿನಿಯರಪ್ಪ. ತಲೆ ಬಗ್ಗುಸ್ಕೊಂಡು ಬಾ, ಇಲ್ಲಾಂದ್ರೆ ಬುರುಡೆ ಒಡ್ಕತದೆ.’

ಒಳಗೆ ಹೋದರೆ ಕತ್ತಲೆ, ಹೊಗೆ ವಾಸನೆ. ಚಾವಣಿಯ ಕೆಳಗೆ ಎರಡು ಮೊಳ ಬಿಟ್ಟು ಬೊಂಬಿನ ಅಟ್ಟ. ಅಟ್ಟ ನಿಂತದ್ದು ಮರದ ಕಂಬಗಳ ಮೇಲೆ. ಗಾಳಿಯಾಡಲಿ ಎಂದು ಎರಡೂ ಕಡೆ ಗೋಡೆಯ ಮೇಲ್ಭಾಗದಲ್ಲಿ ಬ್ಲಾಕು ಬಿಡಿಸಿದ್ದಳು. ಅಟ್ಟದ ತುಂಬ ಕಾಯಿ. ಅದರ ಕೆಳಗೆ ಆಕೆಯ ಚಾಪೆ, ಒಲೆ, ಎರಡು ಕೊಡ. ನಿಂತರೆ ತಲೆಗೆ ಬೊಂಬು ಬಡಿಯುತ್ತಿತ್ತು. ಕೂತೇ ಓಡಾಡುವ ಮನೆ.

‘ಯಾರ ಕಾಯಕ್ಕ ಇವು?’

‘ನಂದು ಕಣಪ್ಪ.’ ಹಾಗೆಂದು ಸ್ವಲ್ಪ ತಡೆದು ಮತ್ತೆ ಹೇಳಿದಳು. ‘ನಂದೇ. ಬುದ್ಧಿ ಬಂದಾಗಿಂದ ಇನ್ನೊಬ್ರ ಕಾಯೇ ಸುಲ್ದಿದ್ದು. ಇನ್ನೊಬ್ರ ಕೊಬ್ರಿನೇ ಒಡ್ದಿದ್ದು. ಕೂಲಿ ಬದ್ಲು ಕಾಯಿ ಕೊಡ್ರಪ್ಪ ಅಂತ ಈಸ್ಕೊಂಡು, ಈಸ್ಕೊಂಡು, ಹೋದ್ ಯುಗಾದಿ ಮುಗುದ್ ಮ್ಯಾಲೆ ಅಟ್ಟಕ್ಕಾಕಿದೀನಿ. ಮೊದ್ಲ್ನೇ ಸಲ. ಬರೋ ಯುಗಾದಿಗೆ ಇಳುಸ್ತೀನಿ. ಆಮ್ಯಾಕೆ ಮನೆ ಏನಾರ ಮಾಡ್ಕೊಳ್ರಿ, ನಾನೇ ಬಂದು ಗುದ್ಲಿ ಹಿಡೀತೀನಿ.’

‘ಈಗ್ಲೇ ಬೇರೆ ಅಟ್ಟಕ್ಕೆ ಸಾಗಿಸಿದ್ರೆ?’

ಆಕೆ ವಾಲ್‌ಮನ್ ಕಡೆ ತಿರುಗಿದಳು. ‘ಇವ್ನು ಯಾವೂರೋನ್ಲಾ? ಅಟ್ಟದ್ ಕಾಯಿ ಕುಲುಕಿಸ್ತಾರಾ ಯಾರಾರ?’

ನಾನು ತೆಂಗಿನ ತೋಟದ ಮನೆಯಲ್ಲೇ ಹುಟ್ಟಿದವನು. ಅರ್ಧ ಒಣಗಿದ ಕಾಯನ್ನು ಅಲುಗಾಡಿಸಿದರೆ ತಿರುಳು ಬಿರುಕು ಬಿಟ್ಟು, ಉಳಿದ ನೀರು ಬಿರುಕಿಗಿಳಿದು ಕಪ್ಪಾಗುತ್ತದೆ ಎಂದು ನಮ್ಮಲ್ಲಿ ಮಕ್ಕಳಿಗೂ ಹೇಳಿರುತ್ತಾರೆ. ಅಟ್ಟದ ಮೇಲೆ ಆಟವಾಡಿದ್ದಕ್ಕೆ ನನಗೆ ಏಟೂ ಬಿದ್ದಿವೆ. ಆದರೂ ಕೇಳಿದ್ದೆ. ಬೆಳಗಿನಿಂದ ಖಾಲಿ ಮನೆ ನೋಡಿ ನೋಡಿ ಇದೂ ಒಂದು ಖಾಲಿ ಮನೆಯೇ ಎಂಬಂತೆ ಬಾಯಿ ಮಾತಾಡಿತ್ತು.

ಎಳೆದ ಅರ್ಧ ಗೀಟನ್ನು ವಾಲ್‌ಮನ್ ತನ್ನ ಟವೆಲಿನಿಂದ ಒರೆಸಿದ. ಗೋಡೆ ಕೆಂಪಗೆ ಹರಡಿಕೊಂಡಿತು.

ಆಫೀಸಿಗೆ ಬಂದಾಗ ಮುಖ್ಯಾಧಿಕಾರಿಗಳ ಕೋಣೆಯಲ್ಲಿ ಕಂಟ್ರಾಕ್ಟರೂ ಇಬ್ಬರು ಸದಸ್ಯರೂ ಕೂತಿದ್ದರು. ‘ಸಾರ್, ಕೊನೇ ಮನೇಲಿ ಒಬ್ರು ವಾಸ ಇದಾರೆ’ ಎಂದೆ.

‘ವಾಸವಾ? ಯಾರಯ್ಯ ಅದು? ಏನಂತಾರೆ?’

ಯಾರಾದರೂ ‘ಏನಂತಾರೆ’ ಎಂದು ಕೇಳಿದರೆ ನನ್ನ ಬಾಯಿ ನನ್ನ ಕೈಯಲ್ಲಿರುವುದಿಲ್ಲ. ‘ಯಾರ್ಲಾ ಅದು, ನನ್ ಗ್ವಾಡೆ ಕೆರೆಯೋನು’ ಎಂದು ಶುರುವಾಯಿತು. ಮಚ್ಚು ಹಿಡಿದ ಕೈ ಬಂತು, ತಲೆಯ ನಾರು ಕೊಡವುವುದು ಬಂತು. ಯುಗಾದಿಯವರೆಗೆ ಬಿಡಿ ಎಂಬುದೂ, ಮೊದಲನೇ ಸಲ ನನ್ನ ಕಾಯಿ ಎಂಬುದೂ, ಒಂದೂ ಬಿಡದೆ ಬಂತು. ಒಬ್ಬ ಸದಸ್ಯರು ಕಣ್ಣೀರು ಒರೆಸಿಕೊಳ್ಳುವಷ್ಟು ನಕ್ಕರು. ಅಟೆಂಡರು ಬಾಗಿಲಿಗೆ ಬಂದು ನಿಂತ.

‘ಆ ಗುದ್ಲಿ ಹಿಡೀತೀನಿ ಅನ್ನೋದು ಇನ್ನೊಂದ್ ಸಲ ಮಾಡಯ್ಯ’ ಎಂದರು ಆ ಸದಸ್ಯರು.

ಇನ್ನೊಂದು ಸಲ ಮಾಡಿದೆ. ಆಗ ಟೀ ಬಂತು. ಟೀ ಕುಡಿಯುತ್ತ ಮುಖ್ಯಾಧಿಕಾರಿಗಳು ಕೆಲಸ ಶುರುಮಾಡುವ ಆದೇಶಕ್ಕೆ ಸಹಿ ಹಾಕಿದರು. ಮಾರ್ಚ್ ಮುಗಿಯುವುದರೊಳಗೆ ಬಿಲ್ಲು ಆಗಬೇಕಿತ್ತು, ಆಗದಿದ್ದರೆ ಅನುದಾನ ವಾಪಸು. ಕೊನೇ ಮನೆಯ ವಿಷಯ ಅಲ್ಲಿಗೆ ಮುಗಿದಿತ್ತು. ಎಲ್ಲರೂ ಕೇಳಿದ್ದರು. ಯಾರೂ ಕೇಳಿರಲಿಲ್ಲ.

ಮರುದಿನ ಕರೆಂಟಿನವರ ಜೊತೆ ಕಾಲೊನಿಗೆ ಹೋದೆ. ಕೆಡವುವ ಮೊದಲು ವೈರು ತೆಗೆಸಬೇಕು. ಆಕೆ ಬಾಗಿಲಲ್ಲಿ ಕೂತು ಯಾರದೋ ತೋಟದ ಕೊಬ್ಬರಿ ಒಡೆಯುತ್ತಿದ್ದಳು. ವಾಲ್‌ಮನ್ ಆಗಲೇ ಸುದ್ದಿ ಮುಟ್ಟಿಸಿದ್ದ.

‘ಆಪೀಸ್ನಾಗೆ ನನ್ನಂಗೇ ಮಾತಾಡಿದ್ಯಂತೆ?’

‘ಹೂಂ ಅಕ್ಕ.’

‘ಎಲ್ಲಾ ಹೇಳ್ದಾ? ಯುಗಾದಿ ವಿಸ್ಯ?’

‘ಹೇಳ್ದೆ.’

‘ಏನಂದ್ರು?’

‘ನಕ್ಕರು.’

‘ನಗ್ಲಿ ಬುಡು, ನಗೋರು ಬ್ಯಾಡ ಅಂದ್ರೆ ನಿಲ್ಲುಸ್ತಾರಾ. ಆಮ್ಯಾಕೆ ಏನಂದ್ರು?’

ಆಮೇಲೆ ಟೀ ಬಂತು ಎಂದು ಹೇಳುವುದು ಹೇಗೆ? ಕಂಬದ ಮೇಲಿದ್ದವನಿಗೆ ವೈರು ಕತ್ತರಿಸಲು ಸನ್ನೆ ಮಾಡಿದೆ. ಆಕೆ ಮತ್ತೆ ಮಚ್ಚು ಎತ್ತಿಕೊಂಡಳು.

ಜೆಸಿಬಿ ಮೊದಲ ಸಾಲಿನಿಂದ ಶುರುಮಾಡಿತು. ನೋಡುವಂಥದ್ದೇನೂ ಇರುವುದಿಲ್ಲ. ಬಾಗಿಲು ಕಿಟಕಿ ಮೊದಲೇ ಬಿಚ್ಚಿ ಹರಾಜಿಗೆ ಇಟ್ಟಿರುತ್ತಾರೆ. ಮೂಲೆಯ ಗೋಡೆಗೆ ಬಕೆಟ್ಟು ಒತ್ತಿದರೆ ಬ್ಲಾಕುಗಳು ಸಡಿಲವಾಗಿ ಚಾವಣಿ ಒಂದು ಕಡೆ ಕೂರುತ್ತದೆ. ಇನ್ನೊಂದು ಮೂಲೆ ಒತ್ತಿದರೆ ಪೂರ್ತಿ ಕೂರುತ್ತದೆ. ಆಮೇಲೆ ಮೇಲಿಂದ ಕುಟ್ಟಿ ಕಂಬಿ ಬೇರೆ ಮಾಡುತ್ತಾರೆ. ಧೂಳು ಇಳಿಯಲು ಕಾಯುತ್ತಾರೆ. ನಾನು ಮುಖಕ್ಕೆ ಟವೆಲು ಕಟ್ಟಿಕೊಂಡು ನಿಂತಿರುತ್ತಿದ್ದೆ. ದಿನದ ಕೊನೆಗೆ ಟವೆಲು ಬಿಚ್ಚಿದರೆ ಮುಖದ ಕೆಳಗಿನ ಅರ್ಧ ಮಾತ್ರ ನನ್ನದಾಗಿರುತ್ತಿತ್ತು.

ಒಂದೊಂದು ಚಾವಣಿ ಬಿದ್ದಾಗಲೂ ನೆಲ ಗುದ್ದುವುದು ಕೊನೇ ಮನೆಗೆ ಗೊತ್ತಾಗುತ್ತಿತ್ತು. ಆಕೆ ಅಟ್ಟದ ಕಂಬಗಳ ಬುಡಕ್ಕೆಲ್ಲ ಗೋಣಿ ಮಡಿಚಿ ಇಟ್ಟಿದ್ದಳು. ಎರಡನೇ ಸಾಲು ಮುಗಿಯುವಾಗ ಆ ಗೋಣಿಗಳ ಕೆಳಗೆ ನಾರಿನ ಸಿಂಬಿಗಳೂ ಬಂದಿದ್ದವು.

ಮೂರನೇ ಸಾಲು ಮುಗಿದ ಮಧ್ಯಾಹ್ನ ಕಂಟ್ರಾಕ್ಟರು ಬಂದ. ಅವನೂ ತುರುವೇಕೆರೆ ಕಡೆಯ ತೋಟದವನೇ. ಅವನನ್ನು ಬದಿಗೆ ಕರೆದು ‘ನಾಲ್ಕನೇ ಸಾಲು ಸ್ವಲ್ಪ ನಿಲ್ಸಿ’ ಎಂದೆ. ಈ ಸಲ ಯಾರ ದನಿಯೂ ಬರದಂತೆ ಹಲ್ಲು ಕಚ್ಚಿಕೊಂಡೇ ಹೇಳಿದೆ.

‘ಯಾರ ಹೇಳಿಕೆ ಮೇಲೆ?’

‘ನನ್ನದೇ.’

ಅವನು ನಕ್ಕ. ‘ನೀನು ಹೇಳಿದ್ರೆ ನಾನು ನಿಲ್ಸಂಗಿಲ್ಲ ಕಣಪ್ಪ. ನೀನು ಯಾರು?’ ಆಮೇಲೆ ಕೊನೇ ಮನೆಯ ಕಡೆ ನೋಡಿದ. ಗೋಡೆಯ ತೂತಿನಿಂದ ಹೊಗೆ ಬರುತ್ತಿತ್ತು. ‘ಕಾಯಿ ತುಂಬಿರೋ ಅಟ್ಟದ ಮ್ಯಾಲೆ ಮಷೀನ್ ಹೊಡ್ಸಿದೆ ಅಂತ ನಮ್ಮನೇಲಿ ಗೊತ್ತಾದ್ರೆ ನಮ್ಮವ್ವ ತಟ್ಟೆಗೆ ಅನ್ನ ಹಾಕಲ್ಲ. ಒಂದ್ ಕೆಲ್ಸ ಮಾಡು. ಆಪೀಸಿಗೋಗಿ ಮೇಜಿನ ಮ್ಯಾಲಿನ ಫೋನಿಂದ ನಂಗೆ ಫೋನ್ ಮಾಡು. ಸಾಹೇಬ್ರ ದನೀಲಿ ಹೇಳು.’

‘ಅದು ನಾನೇ ಅಂತ ನಿಮ್ಗೆ ಗೊತ್ತಿರುತ್ತಲ್ಲ!’

‘ನಂಗೆ ಗೊತ್ತಿದ್ರೆ ಏನು? ಕೇಳ್ದೋರಿಗೆ ಸಾಹೇಬ್ರು ಫೋನ್ ಮಾಡಿದ್ರು ಅಂತ ಹೇಳಕ್ಕೆ ಒಂದು ಫೋನ್ ಬರಬೇಕಲ್ಲಪ್ಪ. ಸುಳ್ಳು ಹೇಳೋನಲ್ಲ ನಾನು.’

ಇದುವರೆಗೆ ಯಾರದೇ ದನಿ ಮಾಡಿದ್ದರೂ ಜನ ನಗಲಿ ಎಂದು ಮಾಡಿದ್ದೆ. ಕೆಲಸ ಆಗಲಿ ಎಂದು ಮಾಡಿದ್ದಿಲ್ಲ. ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ ಎಂದು ಬೈಕು ಓಡಿಸುತ್ತ ಯೋಚಿಸಿದೆ. ಹೆದರಿಕೆ ಆಗಬೇಕಿತ್ತು, ಆಗಲಿಲ್ಲ. ಧೂಳು ಕುಡಿದು ಕುಡಿದು ಒಳಗೆಲ್ಲ ಗಾರೆ ಹಚ್ಚಿದಂತಾಗಿತ್ತು. ಆಫೀಸಿನಲ್ಲಿ ಊಟದ ಹೊತ್ತು, ಯಾರೂ ಇರಲಿಲ್ಲ. ಫೋನ್ ತಿರುಗಿಸಿ ಎರಡು ಸಲ ಕೆಮ್ಮಿದೆ.

‘ಹಾಂ, ಕೇಳಿ ಕೇಳಿ, ಬೇಗ ಕೇಳಿ. ನಾಲ್ಕನೇ ಸಾಲು ಮುಟ್ಟಬೇಡಿ. ಆ ಹೆಂಗಸಿನ ಕಾಯಿ ಇಳಿಯೋವರೆಗೆ.’

‘ಸರಿ ಸಾರ್’ ಎಂದ ಕಂಟ್ರಾಕ್ಟರು. ಆಮೇಲೆ ದನಿ ತಗ್ಗಿಸಿ, ‘ಕೆಮ್ಮು ವಸಿ ಜಾಸ್ತಿ ಆಯ್ತು’ ಎಂದು ಇಟ್ಟ.

ಜೆಸಿಬಿ ಬೋರನಕಣಿವೆ ಕಡೆ ಯಾವುದೋ ಕಾಲುವೆ ಕೆಲಸಕ್ಕೆ ಹೋಯಿತು. ಆಕೆಗೆ ಯುಗಾದಿಯವರೆಗೆ ಸಿಕ್ಕಿದೆ ಎಂದೆ. ‘ಯಾರು ಕೊಟ್ರು?’ ಎಂದಳು. ‘ಸಾಹೇಬ್ರು’ ಎಂದೆ. ‘ಒಳ್ಳೇರು ಬುಡು’ ಎಂದು ಒಳಗೆ ಹೋಗಿ ಒಲೆಗೆ ಸಿಪ್ಪೆ ಒಟ್ಟಿದಳು.

ಕೆಲವು ದಿನ ಯಾರೂ ಕೇಳಲಿಲ್ಲ. ಆಮೇಲೆ ಒಂದು ಬೆಳಗ್ಗೆ ಮುಖ್ಯಾಧಿಕಾರಿಗಳು ಕರೆಸಿದರು. ಬಾಗಿಲು ಹಾಕಿಸಿದರು. ಎದುರಿಗೆ ಕಾಮಗಾರಿಯ ಕಡತ.

‘ನಾಲ್ಕನೇ ಸಾಲು ನಾನೇ ನಿಲ್ಲಿಸಿದೆ ಅಂತೆ. ಫೋನ್ ಮಾಡಿದ್ದೆನಂತೆ.’

ನಾನು ನೆಲ ನೋಡಿದೆ.

‘ಏನಂತ ಹೇಳಿದೆ ನಾನು?’

‘ಕಾಯಿ ಇಳಿಯೋವರೆಗೆ ಅಂದ್ರಿ, ಸಾರ್.’

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಅವರ ಕೆಮ್ಮನ್ನು ಕಾಯುತ್ತಿದ್ದೆ. ಅದು ಬರಲಿಲ್ಲ.

‘ಹಾಗಂದಿರಲಾರೆ. ಕಾಯಿ ಇಳಿಯೋದು ಯುಗಾದಿಗೆ. ಯುಗಾದಿ ಅಂದ್ರೆ ಮಾರ್ಚ್ ಮುಗಿದುಹೋಗುತ್ತೆ, ಬಿಲ್ ಆಗಲ್ಲ. ಶಿವರಾತ್ರಿವರೆಗೆ ಅಂದಿರ್ತೀನಿ.’

‘ಸಾರ್, ಶಿವರಾತ್ರಿಗೆ ಕಾಯಿ ಪೂರ್ತಿ ಆಗಿರಲ್ಲ.’

‘ಶಿವರಾತ್ರಿ ಅಂತಲೇ ಅಂದೆ ನಾನು. ನೆನಪಿದೆ ನನಗೆ.’ ಕನ್ನಡಕ ಹಾಕಿಕೊಂಡರು. ‘ಇನ್ನೊಂದು ಸಲ ನನಗೆ ಹೇಳದೆ ನಾನು ಯಾರಿಗೂ ಫೋನ್ ಮಾಡಬಾರದು. ತಿಳೀತಾ?’

‘ತಿಳೀತು ಸಾರ್.’

ಹೊರಗೆ ಬಂದಾಗ ವಾಲ್‌ಮನ್ ಕಾದಿದ್ದ. ‘ಏನಂದ್ರು ಸಾ?’ ಎಂದ. ಬಾಯಿ ತೆರೆದೆ. ಏನೂ ಮಾಡಿ ತೋರಿಸಲು ಮನಸ್ಸಾಗಲಿಲ್ಲ. ‘ಶಿವರಾತ್ರಿ’ ಎಂದೆ ಅಷ್ಟೇ.

ಆಕೆಗೂ ಅಷ್ಟೇ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಒಳ್ಳೆಯದಿತ್ತು. ಆಕೆ ಅಟ್ಟದ ಕಡೆ ಮುಖ ಎತ್ತಿ, ಬಾಯಲ್ಲೇ ಏನೋ ಲೆಕ್ಕ ಹಾಕಿ, ‘ಬಿಸ್ಲು ಬಿದ್ರೆ ವಸಿ ಆಯ್ತದೆ’ ಎಂದಳು. ಅಂದಿನಿಂದ ಒಲೆಗೆ ಸಿಪ್ಪೆ ಹೆಚ್ಚು ಒಟ್ಟಿದಳಂತೆ. ವಾಲ್‌ಮನ್ ಹೇಳಿದ್ದು. ಹೆಚ್ಚು ಹೊಗೆ ಕೊಟ್ಟರೂ ಕಾಯಿ ಬೇಗ ಆಗುವುದಿಲ್ಲ, ಅದು ಆಕೆಗೆ ನನಗಿಂತ ಚೆನ್ನಾಗಿ ಗೊತ್ತು.

ಶಿವರಾತ್ರಿಯ ಮಾರನೇ ದಿನ ಬೆಳಗ್ಗೆ ಹೋದಾಗ ಆಕೆಯ ಜೊತೆ ಕೂಲಿಗೆ ಹೋಗುವ ಇಬ್ಬರು ಹೆಂಗಸರು ಬಂದಿದ್ದರು. ಉಪವಾಸ ಜಾಗರಣೆ ಮುಗಿಸಿದ ಕಣ್ಣುಗಳು. ಆಕೆ ಅಟ್ಟ ಹತ್ತಿ ಒಂದೊಂದೇ ಕಾಯಿ ಎತ್ತಿ ಕೊಡುತ್ತಿದ್ದಳು, ಕೆಳಗಿನವರು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಒಮ್ಮೆ ಆಡಿಸುತ್ತಿದ್ದರು. ಒಳಗೆ ಉಂಡೆ ಚಿಪ್ಪಿಗೆ ತಾಗಿ ಗಡಗಡ ಎಂದರೆ ಬಲಕ್ಕೆ. ನೀರು ಸದ್ದಾದರೆ ಎಡಕ್ಕೆ. ಎಡಗಡೆಯ ರಾಶಿ ಬಾಗಿಲು ದಾಟಿ ಹೊರಗೆ ಬಂತು. ಬಲಗಡೆಯದು ಒಂದು ಚಾಪೆಯ ಮೇಲೇ ಇತ್ತು.

ಆಕೆ ಅಟ್ಟದಿಂದ ಇಳಿದು ಎರಡನ್ನೂ ನೋಡಿದಳು. ಬಲಗಡೆಯಿಂದ ಒಂದು ಕಾಯಿ ಎತ್ತಿ, ನೆಲಕ್ಕೆ ನೆಟ್ಟ ಕಬ್ಬಿಣಕ್ಕೆ ಚುಚ್ಚಿ ಸಿಪ್ಪೆ ಸುಲಿದು, ಮಚ್ಚಿನಿಂದ ಚಿಪ್ಪು ಎಬ್ಬಿಸಿದಳು. ಒಳಗಿನ ಉಂಡೆ ಎಲ್ಲೂ ಒಡೆಯದೆ ಕೈಗೆ ಬಂತು. ಅದನ್ನು ಸೆರಗಿನಲ್ಲಿ ಒರೆಸಿ, ತಿರುಗಿಸಿ ತಿರುಗಿಸಿ ನೋಡಿದಳು.

‘ಚೆನ್ನಾಗೇ ಬಂದೈತೆ’ ಎಂದಳು, ಯಾರದೋ ತೋಟದ ಕೊಬ್ಬರಿಯ ಬಗ್ಗೆ ಹೇಳುವಂತೆ.

ಜೆಸಿಬಿಯವನು ಎಂಜಿನ್ ಚಾಲೂ ಮಾಡಿ ಕಾಯುತ್ತಿದ್ದ. ಗುರುತು ಇಲ್ಲದ ಮನೆ ಅವನು ಮುಟ್ಟುವುದಿಲ್ಲ. ಡಬ್ಬಿ ತೆಗೆದು ಗೋಡೆಯ ಹತ್ತಿರ ಹೋದೆ.

‘ನೆಟ್ಟಗಾಕು’ ಎಂದಳು ಹಿಂದಿನಿಂದ.

ನೆಟ್ಟಗೆ ಹಾಕಿದೆ.

ಆದ ಕಾಯಿ ಒಂದೇ ಚೀಲದಲ್ಲಿ ಹಿಡಿಸಿತು. ಆಗದ ಕಾಯನ್ನು ತಮ್ಮನ ಮನೆಯ ಕೊಟ್ಟಿಗೆ ಅಟ್ಟಕ್ಕೆ ಏರಿಸುತ್ತೇನೆ ಎಂದಳು. ಗೂಡ್ಸ್ ಆಟೋ ತರಿಸಿ, ಅದರಲ್ಲಿ ಹುಲ್ಲು ಹಾಸಿ, ಮೊಟ್ಟೆ ಜೋಡಿಸುವಂತೆ ಒಂದೊಂದಾಗಿ ಜೋಡಿಸಿದರು. ಆಕೆ ಹಿಂದೆ ಕಾಯಿಗಳ ಜೊತೆಗೇ ಕೂತಳು.

‘ನಿಧಾನಕ್ಕೋಗಪ್ಪ. ಕುಲುಕುಸ್ಬ್ಯಾಡ.’

‘ನಾನ್ ಕುಲುಕ್ಸಲ್ಲ ಕಣಕ್ಕ, ದಾರಿ ನೋಡು ಎಂಗೈತೆ’ ಎಂದ ಆಟೋದವನು.

ಮೂರು ಸಾಲು ಮನೆಗಳ ಬ್ಲಾಕು, ಚಾವಣಿ ತುಂಡು, ಎಲ್ಲ ದಾರಿಯ ಮೇಲೇ ಬಿದ್ದಿತ್ತು. ಅದನ್ನು ಎತ್ತಿಸುವುದು ಅಂದಾಜುಪಟ್ಟಿಯಲ್ಲಿ ಇರಲಿಲ್ಲ. ನಾನೂ ವಾಲ್‌ಮನ್ನೂ ಮುಂದೆ ಓಡಿ ಕೈಗೆ ಸಿಕ್ಕಷ್ಟು ಕಲ್ಲು ಬದಿಗೆ ಎಸೆದೆವು. ಇಬ್ಬರ ಕೈಯಲ್ಲಿ ಎಷ್ಟಾಗುತ್ತದೆ. ಆಟೋ ಒಂದು ಕಡೆ ವಾಲಿತು, ಇನ್ನೊಂದು ಕಡೆ ವಾಲಿತು, ಒಂದು ಚಾವಣಿ ತುಂಡಿನ ಮೇಲೆ ಹತ್ತಿ ಧೊಪ್ಪನೆ ಇಳಿಯಿತು. ಆಕೆ ಎರಡೂ ತೋಳು ಚಾಚಿ ಕಾಯಿಗಳ ಮೇಲೆ ಬೋರಲು ಬಿದ್ದಿದ್ದಳು. ರಸ್ತೆ ಸಿಕ್ಕ ಮೇಲೂ ಏಳಲಿಲ್ಲ.